ಲಿನಕ್ಸಿನಲ್ಲಿ ವಿಡಿಯೊ ಸೆರೆ: ಪೆಟ್ಟಿಗೆಯ ಹೆಸರಿಗಿಂತ ಒಳಗಿನ ಚಿಪ್ ಮುಖ್ಯ

ವಿಡಿಯೊ ಕ್ಯಾಸೆಟ್ಟಿನ ಕಾಲದ ಸಂಗೀತ ಬೈಠಕ್, ನಾಟಕ, ಮದುವೆಗಳ ಚಿತ್ರೀಕರಣ ಆ ಕ್ಯಾಸೆಟ್ಟುಗಳಲ್ಲಿ ಉಳಿದಿದ್ದರೂ, ಟೇಪು ವರ್ಷ ಕಳೆದಂತೆ ಕೆಡುತ್ತದೆ. ಅದನ್ನು ಓದುವ ವಿಸಿಆರ್ ತಯಾರಿಕೆಯನ್ನೂ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿತು. ಹೀಗಾಗಿ ಇವುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕೆಲಸ ತಡಮಾಡುವಂಥದ್ದಲ್ಲ. ಹಳೆಯ ಕಂಪ್ಯೂಟರಿನಲ್ಲೂ ನಡೆಯುವ, ಉಚಿತವಾಗಿ ಸಿಗುವ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಇದಕ್ಕೆ ಸಾಕಾಗುತ್ತದೆಯಾದರೂ, ಅದಕ್ಕೆ ಹೊಂದುವ, ವಿಡಿಯೊವನ್ನು ಕಂಪ್ಯೂಟರಿಗೆ ತಲುಪಿಸುವ ಸಲಕರಣೆಯನ್ನು ಆರಿಸುವಲ್ಲಿ ಎಚ್ಚರ ಬೇಕು.

ಯಾವುದೇ ಸಲಕರಣೆಯನ್ನು ಕಂಪ್ಯೂಟರಿಗೆ ಪರಿಚಯಿಸುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ತಯಾರಕರು ಸಾಮಾನ್ಯವಾಗಿ ವಿಂಡೋಸ್‌ಗೆ ಮಾತ್ರ ಡ್ರೈವರ್ ಕೊಡುತ್ತಾರೆ; ಲಿನಕ್ಸಿನಲ್ಲಿ ಬಹುಪಾಲು ಡ್ರೈವರುಗಳು ಕರ್ನಲ್ ಎಂಬ ತಿರುಳಿನಲ್ಲೇ ಇದ್ದು, ವಿಡಿಯೊಗೆ ಸಂಬಂಧಿಸಿದವು 2002ರಲ್ಲಿ ಕರ್ನಲ್ ಸೇರಿದ ವಿಡಿಯೊ ಫಾರ್ ಲಿನಕ್ಸ್ ಎರಡನೆಯ ಆವೃತ್ತಿಯ ಚೌಕಟ್ಟಿನಲ್ಲಿ ಕೆಲಸ ಮಾಡುತ್ತವೆ. ಈ ಡ್ರೈವರ್ ಗುರುತಿಸುವುದು ಒಳಗಿನ ಚಿಪ್ಪನ್ನೇ ಹೊರತು ಪೆಟ್ಟಿಗೆಯ ಮೇಲಿನ ಹೆಸರನ್ನಲ್ಲ. ಈಜಿಕ್ಯಾಪ್ ಹೆಸರಿನಲ್ಲಿ ಮಾರಾಟವಾಗುವ, ನೋಡಲು ಒಂದೇ ತೆರನಾದ ಯುಎಸ್‌ಬಿ ಸಾಧನಗಳಲ್ಲಿ ಎಸ್‌ಟಿಕೆ 1160 ಚಿಪ್ ಇದ್ದರೆ ಕರ್ನಲ್ ಅದನ್ನು ತಾನಾಗಿ ಗುರುತಿಸುತ್ತದೆ, ಸೊಮ್ಯಾಜಿಕ್ ಚಿಪ್ ಇದ್ದರೆ ಕರ್ನಲ್‌ನಲ್ಲಿ ಡ್ರೈವರ್ ಇಲ್ಲದೆ ತೊಡಕಾಗುತ್ತದೆ.

ಸಾಧನವನ್ನು ಜೋಡಿಸಿ ಟರ್ಮಿನಲ್ಲಿನಲ್ಲಿ ಎಲ್‌ಎಸ್‌ಯುಎಸ್‌ಬಿ (lsusb) ಆಜ್ಞೆ ಕೊಟ್ಟರೆ, ನಡುವೆ ವಿಸರ್ಗದಂಥ ಚಿಹ್ನೆಯಿರುವ ಎರಡು ನಾಲ್ಕಕ್ಷರದ ಸಂಕೇತಗಳು ಕಾಣುತ್ತವೆ; ಮೊದಲನೆಯದು ತಯಾರಕರನ್ನೂ ಎರಡನೆಯದು ಸಾಧನವನ್ನೂ ಸೂಚಿಸುವುದರಿಂದ, ಅವುಗಳ ಆಧಾರದ ಮೇಲೆ ಚಿಪ್ ಯಾವುದೆಂದು ಹುಡುಕಬಹುದು. ಭಾರತದ ಕ್ಯಾಸೆಟ್ಟುಗಳು ಸೆಕೆಂಡಿಗೆ 25 ಚಿತ್ರಗಳ ಪಾಲ್ ಪದ್ಧತಿಯವಾದ್ದರಿಂದ, ಸೆರೆಹಿಡಿಯುವ ತಂತ್ರಾಂಶದಲ್ಲಿ ಅಮೆರಿಕದ ಎನ್‌ಟಿಎಸ್‌ಸಿ ಬದಲು ಪಾಲ್ ಆರಿಸಬೇಕು. ಧ್ವನಿ ಬೇರೆಯೇ ಸಾಧನವಾಗಿ ಕಾಣಿಸಿಕೊಳ್ಳುವುದುಂಟು, ಅದನ್ನೂ ಆರಿಸದಿದ್ದರೆ ಮೂಕಚಿತ್ರವಷ್ಟೇ ದಾಖಲಾಗುತ್ತದೆ. 720×576 ಅಳತೆಯ ವಿಡಿಯೊ ಕುಗ್ಗಿಸದೆ ಉಳಿಸಿದರೆ ಗಂಟೆಗೆ ಸುಮಾರು 75 ಗಿಗಾಬೈಟ್ ಜಾಗ ಬೇಕಾಗುವುದರಿಂದ, ಗುಣಮಟ್ಟ ಕಳೆಯದೆ ಕುಗ್ಗಿಸುವ ಎಫ್‌ಎಫ್‌ವಿ1 ರೂಪ ಸೂಕ್ತ.

ಮಿನಿಡಿವಿ ಕ್ಯಾಸೆಟ್ಟಿನಲ್ಲಿ ವಿಡಿಯೊ ಮೊದಲೇ ಡಿಜಿಟಲ್ ರೂಪದಲ್ಲಿರುವುದರಿಂದ, ಫೈರ್‌ವೈರ್ ಕಿಂಡಿಯುಳ್ಳ ಕ್ಯಾಮೆರಾವನ್ನು ಜೋಡಿಸಿ ಡಿವಿಗ್ರ್ಯಾಬ್ ತಂತ್ರಾಂಶದ ಮೂಲಕ ನೇರವಾಗಿ ನಕಲು ಮಾಡಿಕೊಳ್ಳಬಹುದು. ಇಂದಿನ ಎಚ್‌ಡಿಎಂಐ ಕ್ಯಾಮೆರಾಗಳಿಗಾದರೆ ಯುವಿಸಿ, ಅಂದರೆ ಯುಎಸ್‌ಬಿ ವಿಡಿಯೊ ಸಾಧನಗಳಿಗೆಂದೇ ರೂಪಿಸಿದ ಸಮಾನ ಮಾನದಂಡವನ್ನು ಪಾಲಿಸುವ ಸಾಧನವೇ ಸುರಕ್ಷಿತ. ಇದರ ಡ್ರೈವರ್ 2008ರಿಂದಲೂ ಕರ್ನಲ್‌ನಲ್ಲಿದೆ. ಆದರೆ ಅಗ್ಗದ ಯುಎಸ್‌ಬಿ 2 ಸಾಧನಗಳು ಪೂರ್ಣ ಎಚ್‌ಡಿ ಚಿತ್ರವನ್ನು ಕುಗ್ಗಿಸಿಯೇ ಕಳಿಸುತ್ತವೆ ಎಂಬುದು ನೆನಪಿರಲಿ.

ಕೊಳ್ಳುವವರು ಲಿನಕ್ಸ್ ಇರುವ ಲ್ಯಾಪ್‌ಟಾಪನ್ನು ಅಂಗಡಿಗೇ ಒಯ್ದು, ಸಾಧನವನ್ನು ಜೋಡಿಸಿ, ಚಿತ್ರ ಮತ್ತು ಧ್ವನಿ ಎರಡೂ ಬಂದಮೇಲೆ ಹಣ ಕೊಡುವುದು ಲೇಸು. ಅದಾಗದಿದ್ದರೆ ಹಿಂದಿರುಗಿಸುವ ಅವಕಾಶವಿರುವಲ್ಲಿ ಮಾತ್ರ ಖರೀದಿಸಬೇಕು.