ಅಂಬಾಸಿಡರ್ ಮತ್ತು ಇಂದಿನ ಕಾರು: ದುರಸ್ತಿ ವಹಿವಾಟಿನ ದೃಷ್ಟಿಯಿಂದ ಒಂದು ತುಲನೆ

‘ಹಳೆಯ ಕಾರೇ ಗಟ್ಟಿ, ಎಲ್ಲಿ ಕೆಟ್ಟರೂ ರಿಪೇರಿಯಾಗುತ್ತಿತ್ತು’ ಎಂಬ ಮಾತು ವಾಹನ ವರ್ತಕರ ನಡುವೆ ಇಂದಿಗೂ ಕೇಳಿಬರುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಯಾವುದೆಂದು ಅರಿಯುವುದು ಗ್ಯಾರೇಜು ಹಾಗೂ ಬಿಡಿಭಾಗಗಳ ವ್ಯಾಪಾರದಲ್ಲಿ ತೊಡಗಿರುವ ಸದಸ್ಯರಿಗೆ ಅಗತ್ಯ.

ತುಲನೆಗೆ ಅಂಬಾಸಿಡರ್ ಕಾರನ್ನೇ ತೆಗೆದುಕೊಳ್ಳೋಣ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿದ ಈ ಕಾರನ್ನು ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಉತ್ತರಾರ್ಧದಿಂದ 2014ರವರೆಗೆ ತಯಾರಿಸಿತು. ಅದರ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲನ್ನು ಬೆರೆಸುತ್ತಿದ್ದುದು ಕಾರ್ಬ್ಯುರೇಟರ್. ಕಿಡಿಯ ಸಮಯವನ್ನು ನಿಯಂತ್ರಿಸುತ್ತಿದ್ದುದು ಡಿಸ್ಟ್ರಿಬ್ಯೂಟರ್. ಸ್ಕ್ರೂಡ್ರೈವರ್, ಸ್ಪಾನರ್ ಮತ್ತು ಪಳಗಿದ ಕಿವಿ ಇದ್ದರೆ ಟ್ಯೂನಿಂಗ್ ಸಾಧ್ಯವಿತ್ತು. ಕಾರಿನ ಮೂಲ ರಚನೆಯು ದಶಕಗಳ ಕಾಲ ಹೆಚ್ಚು ಬದಲಾಗದ ಕಾರಣ ಅಂಗಡಿಯಲ್ಲಿಟ್ಟ ಬಿಡಿಭಾಗವು ವರ್ಷಗಳು ಕಳೆದರೂ ಮಾರಾಟವಾಗುತ್ತಿತ್ತು. ದುರಸ್ತಿಯ ಮಟ್ಟಿಗೆ ಮೇಲಿನ ಮಾತು ನಿಜ.

ಗಟ್ಟಿತನದ ವಿಷಯ ಹಾಗಲ್ಲ. ದಪ್ಪ ತಗಡು ಜಖಂ ಆಗದಿದ್ದರೆ ಅಪಘಾತದ ಹೊಡೆತವು ಒಳಗಿನವರಿಗೆ ತಗಲುತ್ತದೆ. ಇಂದಿನ ಕಾರಿನ ಮುಂಭಾಗವನ್ನು ತಾನು ನುಗ್ಗಾಗಿ ಆ ಹೊಡೆತವನ್ನು ಹೀರುವಂತೆ ರೂಪಿಸಲಾಗಿರುತ್ತದೆ. ಥಟ್ಟನೆ ಬ್ರೇಕ್ ಒತ್ತಿದಾಗ ಚಕ್ರಗಳು ಬಿಗಿದು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆ 2019ರಿಂದ ನಮ್ಮ ದೇಶದ ಹೊಸ ಕಾರುಗಳಿಗೆ ಕಡ್ಡಾಯವಾಗಿದೆ.

ಇಂದಿನ ಕಾರಿನಲ್ಲಿ ಇಂಧನದ ಪ್ರಮಾಣವನ್ನೂ ಕಿಡಿಯ ಸಮಯವನ್ನೂ ನಿರ್ಧರಿಸುವುದು ಇಸಿಯು ಎಂಬ ಗಣಕ ಘಟಕ. ಸೆನ್ಸರುಗಳು ನೀಡುವ ಮಾಹಿತಿಯೇ ಅದಕ್ಕೆ ಆಧಾರ. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿಎಸ್-6 ಹೊಗೆ ಮಿತಿಯನ್ನು ಇಂತಹ ನಿಖರ ನಿಯಂತ್ರಣವಿಲ್ಲದೆ ಪಾಲಿಸಲಾಗದು. ದೋಷ ಕಂಡುಬಂದಾಗ ಇಸಿಯು ಒಂದು ಸಂಕೇತವನ್ನು ದಾಖಲಿಸುತ್ತದೆ. ಅದನ್ನು ಓದಲು ಸ್ಕ್ಯಾನರ್ ಬೇಕು.

ಆದರೆ ಸಂಕೇತವೇ ಅಂತಿಮ ತೀರ್ಪಲ್ಲ. ‘ಇಂಧನ ಕಡಿಮೆ, ಗಾಳಿ ಹೆಚ್ಚು’ ಎಂಬ ಸಂಕೇತ ಬಂದೊಡನೆ ಆಕ್ಸಿಜನ್ ಸೆನ್ಸರನ್ನೇ ಬದಲಿಸಿದರೆ ಗ್ರಾಹಕನ ಹಣ ವ್ಯರ್ಥವಾಗಬಹುದು. ಮೂಲ ದೋಷವು ಬಿರುಕು ಬಿಟ್ಟ ಒಂದು ರಬ್ಬರ್ ಕೊಳವೆಯಲ್ಲಿ ಇರಬಹುದು. ಅದನ್ನು ಪತ್ತೆಹಚ್ಚುವುದು ಅಂಬಾಸಿಡರ್ ಕಾಲದ ಮೆಕ್ಯಾನಿಕ್ಕಿನ ಅದೇ ಕಣ್ಣು, ಅದೇ ಕಿವಿ.

ಆದ್ದರಿಂದ ಹಳೆಯ ಅನುಭವದ ಬೆಲೆ ಕುಂದಿಲ್ಲ, ಅದೊಂದೇ ಸಾಲದಾಗಿದೆ. ಸಣ್ಣ ಗ್ಯಾರೇಜಿನ ಮಾಲೀಕರು ಸ್ಕ್ಯಾನರ್ ಮತ್ತು ತರಬೇತಿಗೆ ಮಾಡುವ ವೆಚ್ಚವನ್ನು ಬಂಡವಾಳವೆಂದೇ ಪರಿಗಣಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಮಾರುಕಟ್ಟೆಗಳ ಬಿಡಿಭಾಗ ವ್ಯಾಪಾರಿಗಳು, ಮಾದರಿಗಳು ಬೇಗ ಬದಲಾಗುವ ಈ ಕಾಲದಲ್ಲಿ, ಫಿಲ್ಟರು, ಬ್ರೇಕ್ ಪ್ಯಾಡುಗಳಂತಹ ಶೀಘ್ರ ಬಿಕರಿಯಾಗುವ ಸರಕಿಗೆ ಆದ್ಯತೆ ನೀಡಿ, ಉಳಿದುದನ್ನು ಬೇಡಿಕೆ ಬಂದಾಗ ತರಿಸುವುದು ಕ್ಷೇಮಕರ.