ಮಲೆನಾಡಿನ ಕೈಗಾರಿಕೆಗಳೂ ಕಾಣದ ಕನ್ನವೂ

ಶಿವಮೊಗ್ಗೆಯಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯಲ್ಲಿ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶವನ್ನು ಹಾಯ್ದು ಹೋಗುವ ಯಾರಿಗಾದರೂ ಈ ಎರಡು ಪಟ್ಟಣಗಳ ಬಾಳು ಇಂದು ಯಾವುದರ ಮೇಲೆ ನಿಂತಿದೆಯೆಂಬುದು ತಿಳಿಯದಿರದು. 1923ರಲ್ಲಿ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಇದ್ದಲಿನಿಂದ ಕರಗಿಸಲಾರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೂ, 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯೂ ಸಾವಿರಾರು ಸಂಸಾರಗಳಿಗೆ ಅನ್ನವಿಕ್ಕಿದುವು. ಕಾಗದದ ಕಾರ್ಖಾನೆ ನಿಂತುಹೋಗಿ ವರ್ಷಗಳಾದುವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು 2023ರ ಜನವರಿಯಲ್ಲಿ ಹೊರಬಿದ್ದಿತು. ಅದರ ಪುನರುಜ್ಜೀವನದ ಮಾತು ಅಂದಿನಿಂದ ಕೇಳಿಬರುತ್ತಲೇ ಇದೆ. ಹೀಗಿರುವಲ್ಲಿ ವಾಹನಗಳಿಗೆ ಎರಕದ ಬಿಡಿಭಾಗಗಳನ್ನು ಒದಗಿಸುವ ಫೌಂಡ್ರಿಗಳು, ಯಂತ್ರಭಾಗಗಳ ಕಾರ್ಖಾನೆಗಳು, ಅಕ್ಕಿಯ ಗಿರಣಿಗಳು, ಅಡಕೆಯ ಮಂಡಿಗಳು ಮೊದಲಾದ ಮಧ್ಯಮ ಗಾತ್ರದ ಸಂಸ್ಥೆಗಳೇ ಈಗ ಈ ಸೀಮೆಯ ಆಧಾರಸ್ತಂಭಗಳಾಗಿವೆ.

ಇವು ಬೆಳೆಯುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಬೆಳವಣಿಗೆಯ ಜೊತೆಯಲ್ಲಿಯೇ ಬಾಗಿಲಿಗೆ ಬಂದು ನಿಂತಿರುವ ಒಂದು ಅಪಾಯವನ್ನು ಕುರಿತು ನಮ್ಮ ವರ್ತಕ ಮಹಾಶಯರಲ್ಲಿ ಸಾಕಷ್ಟು ಎಚ್ಚರ ಮೂಡಿದಂತೆ ನಮಗೆ ತೋರುವುದಿಲ್ಲ. ಕಂಪ್ಯೂಟರಿನ ಮೂಲಕ ನಡೆಯುವ ಕಳ್ಳತನವು ಬೆಂಗಳೂರಿನ ದೊಡ್ಡ ಕಂಪನಿಗಳ ಚಿಂತೆ, ನಮ್ಮಂಥವರ ಗೊಡವೆಗೆ ಯಾರು ಬರುತ್ತಾರೆ ಎಂದು ಬಗೆದಿರುವವರು ಅನೇಕರು. ವಾಸ್ತವವು ಇದಕ್ಕೆ ವ್ಯತಿರಿಕ್ತವಾದುದು. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ಸರಕಾರದ ವ್ಯಾಖ್ಯೆಯಂತೆ, ಯಂತ್ರೋಪಕರಣಗಳಲ್ಲಿ 125 ಕೋಟಿ ರೂಪಾಯಿಗಳವರೆಗಿನ ಬಂಡವಾಳವೂ ವರ್ಷಕ್ಕೆ 500 ಕೋಟಿಯವರೆಗಿನ ವಹಿವಾಟೂ ಇರುವ ಉದ್ಯಮವು ಮಧ್ಯಮ ವರ್ಗಕ್ಕೆ ಸೇರುತ್ತದೆ. ಬಹು ದೊಡ್ಡ ಸಂಸ್ಥೆಗೆ ಹಗಲಿರುಳು ಕಾವಲಿರುವ ತಜ್ಞರ ಪಡೆಯುಂಟು. ಬೀದಿಯ ಅಂಗಡಿಯಲ್ಲಿ ಕದಿಯುವುದಕ್ಕೆ ಹೆಚ್ಚೇನೂ ಇಲ್ಲ. ನಡುವಿನವರಲ್ಲಿ ಹಣವುಂಟು, ಕಾವಲಿಲ್ಲ. ಕಳ್ಳನಿಗೆ ಬೇಕಾದುದು ಇಂಥ ಮನೆಯೇ.

ಕನ್ನವು ಯಾವ ಬಗೆಯಾಗಿ ಬೀಳುತ್ತದೆಯೆಂಬುದನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಏಕೆಂದರೆ ಅದರಲ್ಲಿ ಯಂತ್ರದ ಚಮತ್ಕಾರಕ್ಕಿಂತ ಮನುಷ್ಯಸ್ವಭಾವದ ಪರಿಚಯವೇ ಹೆಚ್ಚಾಗಿರುತ್ತದೆ. ಫೌಂಡ್ರಿಯೊಂದಕ್ಕೆ ಕಚ್ಚಾ ಕಬ್ಬಿಣವನ್ನು ಒದಗಿಸುವ ವ್ಯಾಪಾರಿಯೊಬ್ಬನಿದ್ದಾನೆಂದು ಭಾವಿಸೋಣ. ಕಳ್ಳನು ಮೊದಲು ಇಬ್ಬರಲ್ಲೊಬ್ಬರ ಇ-ಮೇಲಿನ ಪಾಸ್‌ವರ್ಡನ್ನು ಸುಳ್ಳು ಪುಟವೊಂದನ್ನು ತೋರಿಸಿ ಅಪಹರಿಸುತ್ತಾನೆ. ಅನಂತರ ಏನನ್ನೂ ಮುಟ್ಟುವುದಿಲ್ಲ. ವಾರಗಟ್ಟಲೆ ಮೌನವಾಗಿ ಕುಳಿತು ಪತ್ರವ್ಯವಹಾರವನ್ನು ಓದುತ್ತಾನೆ. ಯಾವ ಬಿಲ್ಲು ಯಾವಾಗ ಸಲ್ಲತಕ್ಕುದು, ಲೆಕ್ಕಿಗನಿಗೆ ಯಾವ ಧಾಟಿಯಲ್ಲಿ ಬರೆಯುವ ರೂಢಿ, ಯಜಮಾನರು ಊರಿನಲ್ಲಿ ಎಂದು ಇರುವುದಿಲ್ಲ, ಎಲ್ಲವನ್ನೂ ಅರಿತುಕೊಳ್ಳುತ್ತಾನೆ. ತಕ್ಕ ದಿನ ಬಂದಾಗ ವ್ಯಾಪಾರಿಯ ಹೆಸರಿನಲ್ಲಿ ಒಂದು ವಿನಯಪೂರ್ವಕ ಪತ್ರ ಬರುತ್ತದೆ: ನಮ್ಮ ಬ್ಯಾಂಕಿನ ಖಾತೆ ಬದಲಾಗಿದೆ, ಇನ್ನು ಮುಂದೆ ಹಣವನ್ನು ಈ ಹೊಸ ಖಾತೆಗೆ ಕಳುಹಬೇಕಾಗಿ ವಿನಂತಿ. ವಿಳಾಸದಲ್ಲಿ ಇಂಗ್ಲಿಷಿನ ಎಮ್ ಅಕ್ಷರದ ಸ್ಥಾನದಲ್ಲಿ ಆರ್ ಮತ್ತು ಎನ್ ಅಕ್ಷರಗಳನ್ನು ಒತ್ತಾಗಿ ಬರೆದಿದ್ದರೆ ಬಿಡುವಿಲ್ಲದ ಗುಮಾಸ್ತನ ಕಣ್ಣಿಗೆ ಅದು ಬೀಳುವುದೆಂತು? ಹಣ ಹೋಗುತ್ತದೆ. ನಿಜವಾದ ವ್ಯಾಪಾರಿಯು ತಿಂಗಳು ಕಳೆದು ಬಾಕಿ ಕೇಳಿದಾಗಲೇ ಮೋಸ ಬಯಲಾಗುತ್ತದೆ.

ನಮ್ಮ ಹಿರಿಯ ವರ್ತಕರು ಇಂಥ ಮೋಸಕ್ಕೆ ಸುಲಭವಾಗಿ ಬೀಳುತ್ತಿರಲಿಲ್ಲವೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಹುಂಡಿಯ ಮೇಲಿನ ಸಹಿಯು ತಾನು ಬಲ್ಲ ಸಹಿಯೇ ಎಂಬುದನ್ನು ನೋಡದೆ ಸಾಹುಕಾರನು ಹಣವನ್ನು ಎಣಿಸುತ್ತಿರಲಿಲ್ಲ. ರೋಜುಕಿರ್ದಿ ಒಬ್ಬನ ಕೈಯಲ್ಲಿ, ತಿಜೋರಿಯ ಬೀಗದ ಕೈ ಇನ್ನೊಬ್ಬನ ಸೊಂಟದಲ್ಲಿ ಇರುತ್ತಿದ್ದುವು. 1939ರಲ್ಲಿ ಹುಟ್ಟಿದ ಮಲೆನಾಡು ಅಡಕೆ ಮಾರಾಟ ಸಹಕಾರ ಸಂಘವಿರಲಿ, ಖಾಸಗಿ ಮಂಡಿಯಿರಲಿ, ತಂದ ಮೂಟೆ ಯಾರದು, ಅದು ರಾಶಿಯೋ ಬೆಟ್ಟೆಯೋ ಗೊರಬಲೋ ಎಂಬುದನ್ನು ಕಣ್ಣಾರೆ ನೋಡಿಯೇ ವ್ಯವಹಾರ ನಡೆಯಿತು. ಸಂಸ್ಥೆ ಚಿಕ್ಕದಾಗಿದ್ದಾಗ ಯಜಮಾನನು ಪ್ರತಿಯೊಬ್ಬರ ಮುಖವನ್ನೂ ದನಿಯನ್ನೂ ಬಲ್ಲನು. ಅದು ಬೆಳೆದು, ಪುಣೆ, ಚೆನ್ನೈ, ಜರ್ಮನಿಗಳಿಂದ ಬೇಡಿಕೆಗಳು ಬರತೊಡಗಿದಾಗ ಮುಖಪರಿಚಯವು ತಪ್ಪಿ ಅದರ ಸ್ಥಾನದಲ್ಲಿ ಇ-ಮೇಲ್ ಬಂದು ಕುಳಿತಿತು. ಹಳೆಯ ಪರೀಕ್ಷೆಗಳು ಹೋದುವು. ಹೊಸ ಪರೀಕ್ಷೆಗಳು ಹುಟ್ಟಲಿಲ್ಲ. ಕಳ್ಳನು ನುಸುಳುವ ಸಂದು ಇದೇ ಎಂಬುದು ನಮ್ಮ ಖಚಿತವಾದ ಅಭಿಪ್ರಾಯ.

ಇದಕ್ಕೆ ಪರಿಹಾರವು ದುಬಾರಿಯಾದುದಲ್ಲ. ಖಾತೆ ಬದಲಾಗಿದೆಯೆಂಬ ಪತ್ರ ಬಂದಲ್ಲಿ, ಆ ಪತ್ರದಲ್ಲಿ ಕೊಟ್ಟಿರುವ ಸಂಖ್ಯೆಗಲ್ಲದೆ, ತಮ್ಮ ಹಳೆಯ ಪುಸ್ತಕದಲ್ಲಿರುವ ಸಂಖ್ಯೆಗೆ ಫೋನು ಮಾಡಿ ವ್ಯಾಪಾರಿಯ ದನಿಯಿಂದಲೇ ಕೇಳಿ ತಿಳಿಯತಕ್ಕುದು. ಗೊತ್ತಾದ ಮೊತ್ತಕ್ಕಿಂತ ಹೆಚ್ಚಿನ ಹಣವು ಇಬ್ಬರ ಒಪ್ಪಿಗೆಯಿಲ್ಲದೆ ಹೊರಹೋಗಕೂಡದೆಂದು ಬ್ಯಾಂಕಿನಲ್ಲಿಯೇ ಏರ್ಪಾಟು ಮಾಡಿಸಬಹುದು. ಇ-ಮೇಲಿಗೆ ಪಾಸ್‌ವರ್ಡಿನ ಜೊತೆಗೆ ಫೋನಿನಲ್ಲಿ ಬರುವ ಎರಡನೆಯ ಗುರುತನ್ನೂ ಕೂಡಿಸತಕ್ಕುದು. ಯಜಮಾನರೇ ಅವಸರದಿಂದ ಹಣ ಕಳುಹೆಂದು ವಾಟ್ಸಾಪಿನಲ್ಲಿ ಬರೆದಂತೆ ಕಂಡರೂ ಗುಮಾಸ್ತನು ತಡೆದು ಕೇಳಬೇಕು. ಕೇಳಿದವನನ್ನು ಯಜಮಾನರು ಗದರಿಸಬಾರದು. ಈ ಕಡೆಯ ಮಾತು ನಮ್ಮ ಕಾರ್ಖಾನೆಗಳಲ್ಲಿ ಉಳಿದೆಲ್ಲಕ್ಕಿಂತ ಕಷ್ಟವಾದುದೆಂಬುದನ್ನು ನಾವು ಬಲ್ಲೆವು.

ಎರಡನೆಯ ಬಗೆಯ ಆಪತ್ತು ಹಣಕ್ಕಲ್ಲ, ಕುಲುಮೆಗೇ ತಗಲುವಂಥದು. ರಾನ್ಸಮ್‌ವೇರ್ ಎಂಬ ದುಷ್ಟ ತಂತ್ರವು ಸಂಸ್ಥೆಯ ಕಡತಗಳನ್ನೆಲ್ಲ ಬೀಗ ಹಾಕಿದಂತೆ ಮುಚ್ಚಿ, ಬೀಗದ ಕೈಗಾಗಿ ಒತ್ತೆಹಣವನ್ನು ಕೇಳುತ್ತದೆ. 2017ರ ಮೇ 12ರಂದು ತಲೆಯೆತ್ತಿದ ವಾನ್ನಾಕ್ರೈ ಎಂಬುದು ಸುಮಾರು 150 ದೇಶಗಳಲ್ಲಿ ಹಬ್ಬಿತು. ಅದು ನುಸುಳಿದ ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಎರಡು ತಿಂಗಳ ಹಿಂದೆಯೇ ತಿದ್ದುಪಡಿಯನ್ನು ಕೊಟ್ಟಿದ್ದಿತು. ಹಾಕಿಕೊಳ್ಳದಿದ್ದವರು ಕೆಟ್ಟರು.

ಭದ್ರಾವತಿಯ ಜನರಿಗೆ ಇನ್ನೂ ಹತ್ತಿರವಾದ ಉದಾಹರಣೆಯೊಂದುಂಟು. ಜರ್ಮನಿಯ ಮಾಹಿತಿ ಭದ್ರತಾ ಇಲಾಖೆಯವರು 2014ರ ತಮ್ಮ ವರದಿಯಲ್ಲಿ, ಹೆಸರನ್ನು ಹೇಳದೆ, ಉಕ್ಕಿನ ಕಾರ್ಖಾನೆಯೊಂದರ ಅವಸ್ಥೆಯನ್ನು ಬಣ್ಣಿಸಿದರು. ಕಳ್ಳರು ಮೋಸದ ಇ-ಮೇಲಿನಿಂದ ಕಚೇರಿಯ ಕಂಪ್ಯೂಟರುಗಳನ್ನು ಹೊಕ್ಕು, ಅಲ್ಲಿಂದ ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಜಾಲಕ್ಕೆ ದಾಟಿದರು. ಊದುಕುಲುಮೆಯನ್ನು ಕ್ರಮವಾಗಿ ಆರಿಸಲಾಗದೆ ಭಾರೀ ಹಾನಿಯಾಯಿತು. ನಮ್ಮ ಫೌಂಡ್ರಿಗಳಲ್ಲಿ ಈಗ ವಿದ್ಯುತ್ ಕುಲುಮೆಗಳಿವೆ, ಅವುಗಳನ್ನು ಆಳುವುದು ಚಿಕ್ಕ ಚಿಕ್ಕ ಗಣಕಗಳು. ಕರಗಿದ ಲೋಹವು ಕುಲುಮೆಯಲ್ಲಿಯೇ ಹೆಪ್ಪುಗಟ್ಟಿದರೆ ಏನಾಗುತ್ತದೆಂಬುದನ್ನು ಈ ಊರಿನವರಿಗೆ ನಾವು ಹೇಳಬೇಕಾಗಿಲ್ಲ. ಬಿಲ್ಲು ಬರೆಯುವ ಕಂಪ್ಯೂಟರೂ ಕುಲುಮೆಯನ್ನು ನಡೆಸುವ ಕಂಪ್ಯೂಟರೂ ಒಂದೇ ತಂತಿಯಲ್ಲಿ ಸೇರಿರುವುದು ಅಡಿಗೆಮನೆಯ ಬಾಗಿಲನ್ನು ಸಂತೆಗೆ ತೆರೆದಿಟ್ಟಂತೆ. ಇವೆರಡನ್ನೂ ಬೇರ್ಪಡಿಸುವುದು ಒಂದು ವಾರದ ಕೆಲಸ. ಯಂತ್ರವನ್ನು ಮಾರಿದ ಕಂಪನಿಯವನು ದೂರದಿಂದಲೇ ದುರಸ್ತಿ ಮಾಡಲೆಂದು ಸದಾ ತೆರೆದಿಟ್ಟ ದಾರಿಯನ್ನೂ ಮುಚ್ಚಿ, ಬೇಕಾದಾಗ ಮಾತ್ರ ತೆರೆಯತಕ್ಕುದು.

ನಾರ್ವೆ ದೇಶದ ನಾರ್ಸ್ಕ್ ಹೈಡ್ರೋ ಎಂಬ ಅಲ್ಯೂಮಿನಿಯಂ ಸಂಸ್ಥೆಯ ನಡತೆ ಇಲ್ಲಿ ಅನುಕರಣೀಯವಾದುದು. 35,000 ಕೆಲಸಗಾರರಿದ್ದ ಆ ಸಂಸ್ಥೆಗೆ 2019ರ ಮಾರ್ಚ್ 19ರಂದು ಈ ಪೆಟ್ಟು ಬಿದ್ದಿತು. ಅವರು ಒತ್ತೆಹಣವನ್ನು ಕೊಡಲಿಲ್ಲ. ಸಂಗತಿಯನ್ನು ಮುಚ್ಚಿಡಲೂ ಇಲ್ಲ. ಯಂತ್ರಗಳನ್ನು ಕೈಯಿಂದ ನಡೆಸಿದರು, ಹಳೆಯ ರೀತಿಯನ್ನು ಬಲ್ಲ ನಿವೃತ್ತರೂ ನೆರವಿಗೆ ಬಂದರು, ಪ್ರತ್ಯೇಕವಾಗಿ ಕಾದಿರಿಸಿದ್ದ ಪ್ರತಿಗಳಿಂದ ಲೆಕ್ಕಪತ್ರಗಳನ್ನು ಪುನಃ ಕಟ್ಟಿದರು. ಪ್ರತಿಯಿಲ್ಲದವನು ಹಾಗೆ ನಿಲ್ಲಲಾರನು. ನಮ್ಮಲ್ಲಿ ಬ್ಯಾಕಪ್ ಇದೆಯೆಂದು ಹೇಳುವವರು ಬಹಳ. ಆದರೆ ಆ ಡಿಸ್ಕು ಅದೇ ಕಂಪ್ಯೂಟರಿಗೆ ಹಗಲಿರುಳು ಅಂಟಿಕೊಂಡಿರುತ್ತದೆ. ಮನೆಗೆ ಬೆಂಕಿ ಬಿದ್ದಾಗ ಒಳಗಿದ್ದ ಪೆಟ್ಟಿಗೆಯೂ ಸುಡುವುದಷ್ಟೆ. ವಾರಕ್ಕೊಮ್ಮೆ ತೆಗೆದು ಬೇರೆಡೆ ಇಡುವುದೂ, ಮೂರು ತಿಂಗಳಿಗೊಮ್ಮೆ ಅದರಿಂದ ಕಡತವು ನಿಜವಾಗಿ ಮರಳುವುದೇ ಎಂದು ಪರೀಕ್ಷಿಸುವುದೂ ಅವಶ್ಯಕ.

ಸರಕಾರಿ ನೌಕರರೂ ಸಹಕಾರಿಗಳೂ ಈ ಮಾತು ತಮಗಲ್ಲವೆಂದು ತಿಳಿಯಬಾರದು. ರಾಜ್ಯ ಸರಕಾರದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಯಿಂದಲೇ 2019ರಲ್ಲಿ ಟೆಂಡರುದಾರರ ಠೇವಣಿಯ ಹಣ ಸುಮಾರು 11.5 ಕೋಟಿ ರೂಪಾಯಿ ಅಪಹೃತವಾಯಿತು. 2018ರ ಆಗಸ್ಟಿನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿಗೆ ಆದ ನಷ್ಟ 94 ಕೋಟಿ. 2024ರ ಜುಲೈ ಕಡೆಯಲ್ಲಿ, ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶವನ್ನು ಒದಗಿಸುವ ಒಂದು ಸಂಸ್ಥೆಗೆ ಸೋಂಕು ತಗಲಿದುದರಿಂದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ವ್ಯವಹಾರ ಸ್ಥಗಿತವಾಯಿತು. ಆ ಬ್ಯಾಂಕುಗಳು ತಾವಾಗಿ ಯಾವ ತಪ್ಪನ್ನೂ ಮಾಡಿರಲಿಲ್ಲ. ಇನ್ನು ನೂರಾರು ಕೆಲಸಗಾರರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಗಳನ್ನು ಕಾಪಾಡಲಾರದ ಸಂಸ್ಥೆಗೆ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾನೂನು ವಿಧಿಸಿರುವ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ.

ಎಲ್ಲಕ್ಕಿಂತ ನಮಗೆ ವಿಷಾದವನ್ನುಂಟುಮಾಡುವುದು ಮುಚ್ಚಿಡುವ ಚಾಳಿ. ಮೋಸಹೋದೆವೆಂದು ತಿಳಿದರೆ ಗಾಂಧಿಬಜಾರಿನಲ್ಲಿ ತಲೆಯೆತ್ತಿ ನಡೆಯುವುದೆಂತು, ಬ್ಯಾಂಕಿನವರು ಸಾಲದ ಮಿತಿಯನ್ನು ಕಡಿಮೆ ಮಾಡಿಯಾರು ಎಂದು ಯಜಮಾನರು ಅಂಜುತ್ತಾರೆ; ಕೆಲಸ ಹೋದೀತೆಂದು ಗುಮಾಸ್ತನು ಬಾಯಿಬಿಡುವುದಿಲ್ಲ. ಆದರೆ ಕದ್ದ ಹಣವು ಬಾಡಿಗೆಯ ಖಾತೆಗಳಲ್ಲಿ ಒಂದರಿಂದ ಒಂದಕ್ಕೆ ಹಾರಿ ಕೆಲವು ಗಂಟೆಗಳಲ್ಲಿ ಮಾಯವಾಗುತ್ತದೆ. 1930 ಎಂಬ ಸಂಖ್ಯೆಗೆ ಕೂಡಲೇ ಫೋನು ಮಾಡಿ ತಿಳಿಸಿದಲ್ಲಿ ಹಣವಿನ್ನೂ ಯಾವ ಖಾತೆಯಲ್ಲಿ ನಿಂತಿದೆಯೋ ಅಲ್ಲಿಯೇ ಬ್ಯಾಂಕುಗಳು ಅದನ್ನು ತಡೆಹಿಡಿಯಬಹುದು. ಸಂಜೆಯವರೆಗೆ ಯೋಚಿಸುತ್ತ ಕುಳಿತವನಿಗೆ ಆ ಅವಕಾಶವಿಲ್ಲ. ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ಆಜ್ಞೆಯಂತೆ ಇಂಥ ಆಕ್ರಮಣವನ್ನು 6 ಗಂಟೆಗಳೊಳಗೆ ವರದಿ ಮಾಡುವುದು ಕಂಪನಿಗಳಿಗೆ ಕಡ್ಡಾಯವೂ ಆಗಿದೆ.

ಪ್ರತಿಯೊಂದು ಫೌಂಡ್ರಿಯೂ ತನ್ನದೇ ಆದ ತಜ್ಞನನ್ನು ಸಂಬಳವಿತ್ತು ಇಟ್ಟುಕೊಳ್ಳಲಾರದೆಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಹತ್ತು ಸಂಸ್ಥೆಗಳು ಕೂಡಿ ಒಬ್ಬನನ್ನು ಇಟ್ಟುಕೊಳ್ಳಲು ಅಡ್ಡಿಯೇನು? ಸಹಕಾರವು ಮಲೆನಾಡಿಗೆ ಹೊಸ ಪಾಠವಲ್ಲ. ಜಿಲ್ಲಾ ವಾಣಿಜ್ಯ ಮತ್ತು ಕೈಗಾರಿಕಾ ಸಂಘದವರು ಇದಕ್ಕೆ ಮುಂದಾಗಬೇಕು. ಜವಾಹರಲಾಲ್ ನೆಹರು ಇಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಚೇನಹಳ್ಳಿಗೂ ಸಾಗರ ರಸ್ತೆಯ ಕೈಗಾರಿಕಾ ವಸಾಹತಿಗೂ ಬಂದು ಪರೀಕ್ಷೆ ನಡೆಸುವಂತೆ ಅವರನ್ನು ಕರೆಯಬಹುದು. ಕರ್ನಾಟಕ ಸರಕಾರವು 2024ರಲ್ಲಿ ಸೈಬರ್ ಭದ್ರತಾ ನೀತಿಯೊಂದನ್ನು ಪ್ರಕಟಿಸಿತು. ಅದರ ಫಲವು ಬೆಂಗಳೂರಿನ ಗಡಿಯನ್ನು ದಾಟಿ ಇತ್ತ ಬರಬೇಕಾಗಿದೆ. ಎಚ್ಚರಿಕೆಯ ಸೂಚನೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಹೊರಡುತ್ತವೆ. ಹಣ ಕಳುಹುವ ಗುಂಡಿಯನ್ನು ಒತ್ತುವ ಗುಮಾಸ್ತನು ಕನ್ನಡದಲ್ಲಿ ಯೋಚಿಸುವವನು. ಆ ಸೂಚನೆಗಳನ್ನು ಒಂದು ಹಾಳೆಯಲ್ಲಿ ತಿಳಿಗನ್ನಡದಲ್ಲಿ ಅಚ್ಚುಹಾಕಿಸಿ, 1930 ಎಂಬ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಮೇಲೆ ಬರೆದು, ಪ್ರತಿಯೊಂದು ಲೆಕ್ಕದ ಕೋಣೆಯ ಗೋಡೆಗೂ ಅಂಟಿಸುವ ಕೆಲಸವನ್ನು ಜಿಲ್ಲಾ ಕೈಗಾರಿಕಾ ಕೇಂದ್ರದ ಅಧಿಕಾರಿಗಳು ಈ ತಿಂಗಳಲ್ಲಿಯೇ ಮಾಡಿಸಬಹುದಾಗಿದೆ.