ಪಾರ್ಶ್ವವಾಯುವಿನ ಬಳಿಕ ನಡಿಗೆಯ ಅಭ್ಯಾಸ

ಮಗುವಿನ ಮೊದಲ ಹೆಜ್ಜೆಯನ್ನು ಕಂಡು ಹಿಗ್ಗದ ತಾಯಿಯಿಲ್ಲ. ಆದರೆ ಅದೇ ಮನೆಯಲ್ಲಿ ಪಾರ್ಶ್ವವಾಯು ಬಡಿದ ಅಜ್ಜಿಯು ಮಂಚದಿಂದ ಬಾಗಿಲವರೆಗೆ ಹೋಗಲು ಪಡುವ ಪಾಡನ್ನು ನೋಡಿ, ಇನ್ನು ಇಷ್ಟೇ ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಇಂತಹ ನಿರಾಶೆಗೆ ಅವಸರಪಡಬಾರದೆಂದು ತಿಳಿಸುವುದೇ ಈ ಲೇಖನದ ಉದ್ದೇಶ.

ಈ ರೋಗದ ಬೇರು ಕಾಲಿನಲ್ಲಿಲ್ಲ, ಮಿದುಳಿನಲ್ಲಿದೆ. ಅಲ್ಲಿಯ ರಕ್ತನಾಳವು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿದರೆ ಅಥವಾ ಒಡೆದರೆ ಆ ಭಾಗದ ಜೀವಕಣಗಳು ಸಾಯುತ್ತವೆ. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಸಾಮಾನ್ಯವಾಗಿ ಬಲಗೈ, ಬಲಗಾಲುಗಳ ಸ್ವಾಧೀನ ತಪ್ಪುತ್ತದೆ. ಪಾದವು ಜೋತು ನೆಲಕ್ಕೆ ತಗಲುವುದರಿಂದ ಎಡವಿ ಬೀಳುವ ಭಯವುಂಟು. ಆದರೂ ಮಿದುಳಿನ ಉಳಿದ ಭಾಗಗಳು ಕಳೆದುಹೋದ ಕೆಲಸವನ್ನು ತಕ್ಕಮಟ್ಟಿಗೆ ಕಲಿತುಕೊಳ್ಳಬಲ್ಲವು. ಹಲಗೆಯ ಮೇಲೆ ಒಂದೇ ಅಕ್ಷರವನ್ನು ತಿದ್ದಿ ತಿದ್ದಿ ಕಲಿತ ನಮಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ತಿದ್ದುವುದರ ಬೇಸರವನ್ನೂ ನಾವು ಬಲ್ಲೆವು.

ಈ ಬೇಸರವನ್ನು ಕಳೆಯಲು ಬಂದ ಸಾಧನಗಳಲ್ಲಿ ವರ್ಚುವಲ್ ರಿಯಾಲಿಟಿ ಒಂದು. ಇದು ಕಂಪ್ಯೂಟರು ನಿರ್ಮಿಸಿ ಕಣ್ಣೆದುರು ನಿಲ್ಲಿಸುವ ಕಲ್ಪಿತ ಲೋಕ. ರೋಗಿಯು ಬೀಳದಂತೆ ದೇಹಕ್ಕೆ ಪಟ್ಟಿಯ ಆಸರೆ ಕಟ್ಟಿಕೊಂಡು ಟ್ರೆಡ್‌ಮಿಲ್ಲಿನ ಮೇಲೆ ನಡೆಯುತ್ತಿರಲು, ಎದುರಿನ ತೆರೆಯಲ್ಲಿ ಬೀದಿ, ಕಲ್ಲು, ನೀರಿನ ಹೊಂಡಗಳು ತೋರಿಬರುತ್ತವೆ. ಅವುಗಳನ್ನು ದಾಟಲು ಪಾದವನ್ನು ಎತ್ತಲೇಬೇಕು. ಎತ್ತಿದ್ದು ಸಾಲದಿದ್ದರೆ ಯಂತ್ರವು ಒಡನೆ ತಿಳಿಸುತ್ತದೆ.

2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯು ಇಲ್ಲಿ ಸ್ಮರಣೀಯ. ಪಾರ್ಶ್ವವಾಯುವಾಗಿ ಬಹುಕಾಲ ಕಳೆದಿದ್ದ 18 ಮಂದಿಯನ್ನು ಎರಡು ಗುಂಪು ಮಾಡಿದರು. ಎಲ್ಲರೂ ಕುಳಿತು, ಪಾದವನ್ನು ಯಂತ್ರಕ್ಕೆ ಕಟ್ಟಿಕೊಂಡು, ವಾರಕ್ಕೆ 3 ಸಲದಂತೆ 4 ವಾರ ಸುಮಾರು ಒಂದೊಂದು ಗಂಟೆ ಅಭ್ಯಾಸಮಾಡಿದರು. ಒಂದು ಗುಂಪಿನವರು ತೆರೆಯ ಮೇಲಿನ ದೋಣಿಯನ್ನೋ ವಿಮಾನವನ್ನೋ ಪಾದದಿಂದ ನಡೆಸಿದರು. ಇನ್ನೊಂದು ಗುಂಪಿನವರಿಗೆ ಚಿತ್ರವಿರಲಿಲ್ಲ. ಚಿತ್ರವಿದ್ದವರ ನಡಿಗೆಯ ವೇಗವೂ ದೂರವೂ ಹೆಚ್ಚು ಸುಧಾರಿಸಿದವು. 3 ತಿಂಗಳ ಮೇಲೂ ಆ ಅಂತರವು ಉಳಿದಿತ್ತು. ಯಂತ್ರವೊಂದೇ, ಚಲನೆಯೊಂದೇ, ಮನಸ್ಸಿಗೆ ಗುರಿ ದೊರೆತದ್ದೇ ಭೇದ.

ಹಾಗೆಂದು ಇದನ್ನು ಸಂಜೀವಿನಿಯೆಂದು ಭ್ರಮಿಸಲಾಗದು. 18 ಮಂದಿಯ ಪರೀಕ್ಷೆ ಸಣ್ಣದು. 2017ರಲ್ಲಿ ಕಾಕ್ರೇನ್ ಸಂಸ್ಥೆಯು ಇಂತಹ 72 ಪರೀಕ್ಷೆಗಳನ್ನು ತೂಗಿ, ನಡಿಗೆಯ ವೇಗದ ವಿಷಯದಲ್ಲಿ ನಿರ್ಣಯಿಸಲು ಆಧಾರ ಸಾಲದೆಂದು ಹೇಳಿತು. ಆದುದರಿಂದ ಈ ಸಾಧನವಿಲ್ಲದ ಊರಿನವರು ಎದೆಗುಂದಬೇಕಾಗಿಲ್ಲ.

ವೈದ್ಯರ ಅನುಮತಿಯನ್ನು ಪಡೆದು, ಮಗ್ಗುಲಲ್ಲಿ ಒಬ್ಬರು ನಿಂತು, ರೋಗಿಯ ಪ್ರತಿ ಹೆಜ್ಜೆಗೂ ಒಂದು ಗುರಿ ಕೊಡುವುದು ಬಡವರ ಮನೆಯಲ್ಲೂ ಸಾಧ್ಯ. “ನಡೆಯಿರಿ” ಎಂದು ಹತ್ತು ಸಲ ಹೇಳುವುದಕ್ಕಿಂತ, “ಅಜ್ಜೀ, ಜಗಲಿಯ ತುಳಸಿಗೋ ಮಲ್ಲಿಗೆಗೋ ಈ ತಂಬಿಗೆಯ ನೀರು ಹಾಕೋಣ ಬನ್ನಿ” ಎಂದು ಒಮ್ಮೆ ಕೈಹಿಡಿಯುವುದು ಲೇಸು.